ಹೊರೆಗಲ್ಲಿಗೆ ಹಾಕಿದ ಬೇಲಿ

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ನಂಬಿದವಳಲ್ಲ. ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು ನಾನು. ಯಾರಾದರೂ ಇಂಥ ಕಥೆ ಶುರು ಮಾಡಿದರೆ, ಆಗ ನೀವು ಊಟ ಮಾಡಿದ್ರಾ, ಹಿಂದಿನ ರಾತ್ರಿ ನಿದ್ದೆ ಆಗಿತ್ತಾ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಚಾಳಿ. ಆದ್ದರಿಂದ ಈಗ ನಾನೇ ಹೇಳಹೊರಟಿರುವುದನ್ನು ನೀವು ನಂಬಿ ಎಂದು ಕೇಳುವ ಹಕ್ಕು ನನಗಿಲ್ಲ. ಆ ದಿನ ಊಟ ಮಾಡಿದ್ದೆ, ನಿದ್ದೆಯೂ ಆಗಿತ್ತು ಎಂಬುದನ್ನಷ್ಟೇ ಮೊದಲು ಹೇಳಿಬಿಡುತ್ತೇನೆ.

ಹಾಸನದಲ್ಲಿ ನಮ್ಮದೊಂದು ಪುಟ್ಟ ಸಂಘವಿದೆ. ಹಳೆಯ ಮಂಟಪ, ಕಲ್ಯಾಣಿ, ಗುಂಡುತೋಪು, ವೀರಗಲ್ಲು ಇಂಥವು ಹಾಳಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ನಿವೃತ್ತ ಹೈಸ್ಕೂಲು ಮೇಷ್ಟ್ರು ರಂಗೇಗೌಡರು ನಮಗೆಲ್ಲ ಹಿರಿಯರು. ಕೊರವಂಗಲದ ಬೂಚೇಶ್ವರ ದೇವಸ್ಥಾನವನ್ನು ನೋಡಿಕೊಳ್ಳಲು ಸರ್ಕಾರವಿದೆ, ಹೊಲದ ಬದುವಿನಲ್ಲಿ ಮಕಾಡೆ ಬಿದ್ದಿರುವ ಕಲ್ಲಿಗೆ ಯಾರಿದ್ದಾರೆ ಅನ್ನುವುದು ಅವರ ಮಾತು. ಅರಕಲಗೂಡಿನ ಕಡೆ ಒಂದು ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗಿದ್ದಾಗ, ಆ ಮನೆಯವರಿಗೆ ಬೇರೆ ಕಲ್ಲು ಹಾಕಿಸಿಕೊಟ್ಟು ಇದನ್ನು ಎತ್ತಿಸಿ ನಿಲ್ಲಿಸಿದವರು ಅವರು. ನಾನು ಸಂಘ ಸೇರಿದ್ದೇನೂ ಅಂಥ ಶ್ರದ್ಧೆಯಿಂದಲ್ಲ. ಎರಡು ಸಲ ಬಸಿರು ನಿಂತು, ಎರಡು ಸಲವೂ ಮೂರು ತಿಂಗಳು ತುಂಬುವ ಹೊತ್ತಿಗೆ ಹೋಗಿತ್ತು. ಭಾನುವಾರ ಮನೆಯಲ್ಲಿ ಕೂತರೆ ಅದೇ ಯೋಚನೆ, ಹೊರಗೆ ಹೋದರೆ ಅದೇ ಪ್ರಶ್ನೆ. ಕಲ್ಲುಗಳು 'ಏನಾದ್ರೂ ವಿಶೇಷವಾ' ಎಂದು ಕೇಳುವುದಿಲ್ಲವಲ್ಲ, ಅದಕ್ಕೆ ಸೇರಿದೆ.

ದಂಡಿಗನಹಳ್ಳಿ ಕಡೆಯ ಒಂದು ರಸ್ತೆ ಅಗಲ ಮಾಡುವಾಗ ಜೆಸಿಬಿಯವರು ಹೊರೆಗಲ್ಲೊಂದನ್ನು ಕೆಡವಿ ಚರಂಡಿಗೆ ತಳ್ಳಿದ್ದರು. ಹೊರೆಗಲ್ಲನ್ನು ನೀವು ಹಳೇ ಗಾಡಿದಾರಿಗಳಲ್ಲಿ ನೋಡಿರಬಹುದು. ಎರಡು ಕಂಬಗಲ್ಲು, ಮೇಲೆ ತಲೆಯ ಮಟ್ಟಕ್ಕೆ ಒಂದು ಅಡ್ಡ ಚಪ್ಪಡಿ. ಹುಲ್ಲೋ ಸೌದೆಯೋ ಹೊತ್ತು ಒಂಟಿಯಾಗಿ ಬರುವವರು ಯಾರ ಕೈಯನ್ನೂ ಕಾಯದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೆ ತೆಗೆದುಕೊಂಡು ಹೋಗಲಿ ಎಂದು ಹಿಂದಿನವರು ನಿಲ್ಲಿಸಿದ್ದು. ಊರಿನವರು ಮೇಷ್ಟ್ರಿಗೆ ಹೇಳಿ ಕಳಿಸಿದರು. ಕ್ರೇನು ತರಿಸುವ ಶಕ್ತಿ ನಮ್ಮ ಸಂಘಕ್ಕೆಲ್ಲಿ ಬರಬೇಕು? ಇಂಥ ಕೆಲಸಗಳಿಗೆ ಬೆನ್ನಿಗೆ ನಿಲ್ಲುವ ದೊಡ್ಡ ಸಂಸ್ಥೆಯೊಂದು ಕ್ರೇನನ್ನೂ ಕಲ್ಲುಕೆಲಸದವರನ್ನೂ ಕಳಿಸಿಕೊಟ್ಟಿತು. ಕಲ್ಲು ಎದ್ದು ನಿಂತ ದಿನ ಊರಿನವರು ನಮಗೆಲ್ಲ ಪಾನಕ ಕೊಟ್ಟರು.

ಪಾನಕ ಕುಡಿಯುವಾಗ ದ್ಯಾವಮ್ಮ ಎಂಬ ಮುದುಕಿ ನನ್ನ ಪಕ್ಕ ಬಂದು ಕೂತಳು. ಆ ಊರಿನ ಸೊಸೆಯೊಬ್ಬಳು ಹಿಂದೆ ಯಾವಾಗಲೋ ತುಂಬು ಬಸುರಿಯಾಗಿದ್ದಾಗ ಸತ್ತಳಂತೆ. ಅವಳ ಹೆಸರಿನಲ್ಲಿ ಮನೆಯವರು ಹಾಕಿಸಿದ ಕಲ್ಲಂತೆ ಅದು. ಬಸುರಿ ಸತ್ತರೆ ಹೊರೆಗಲ್ಲೇ ಯಾಕೆ ಎಂದು ನಾನು ಕೇಳಿದೆ.

"ಒತ್ತಿದ್ದು ಇಳೀದಂಗೆ ಓದ್ಳಲ್ವಾ ಅವ್ಳು," ಅಂದಳು ದ್ಯಾವಮ್ಮ. "ದಾರೀಲಿ ಓಗೋರು ಅವ್ಳ ಎಸ್ರಲ್ಲಿ ಒರೆ ಇಳುಸ್ಕಂಡ್ರೆ ಅವ್ಳ್ದೂ ವಸಿ ವಸಿ ಇಳೀತದೆ ಕಣವ್ವಾ."

ನನ್ನ ಹೊಟ್ಟೆಯ ಸಂಗತಿ ಆ ಮುದುಕಿಗೆ ಗೊತ್ತಿರಲಿಲ್ಲ. ಆದರೂ ನಾನು ಲೋಟ ಕೆಳಗಿಟ್ಟು ಅಲ್ಲಿಂದ ಎದ್ದೆ.

ಆಮೇಲೆ ಕಲ್ಲಿಗೆ ಬೇಲಿ ಬಂತು. ಮತ್ತೆ ಯಾರೂ ಕೆಡವದಿರಲಿ ಎಂದು ನೆರವು ಕೊಟ್ಟ ಸಂಸ್ಥೆಯವರೇ ಸುತ್ತಲೂ ಎದೆಯೆತ್ತರದ ಕಬ್ಬಿಣದ ಜಾಲರಿ ಹಾಕಿಸಿ, ಗೇಟಿಗೆ ಬೀಗ ಜಡಿದು, ಮುಟ್ಟಬೇಡಿ ಎಂಬ ಹಲಗೆ ನಿಲ್ಲಿಸಿದರು. ಬೀಗದ ಕೈ ಹಾಸನದಲ್ಲಿ ಮೇಷ್ಟ್ರ ಹತ್ತಿರ. ನಮಗಂತೂ ಅದು ಚೆನ್ನಾಗಿಯೇ ಕಂಡಿತ್ತು. ಬೇಲಿ ಹಾಕಿಬಿಟ್ಟರೆ ಇನ್ನು ಅವಳ ಹತ್ತಿರ ಹೋಗುವವರು ಯಾರು ಎಂದು ದ್ಯಾವಮ್ಮ ಗೊಣಗಿದಳಂತೆ. ಮೇಷ್ಟ್ರು ನಗುತ್ತಾ ಹೇಳಿದರು, ನಾನೂ ನಕ್ಕೆ.

ಅದಾಗಿ ಬೇಸಿಗೆ ಬಂತು. ನಾನು ಮತ್ತೆ ಬಸುರಿಯಾಗಿದ್ದೆ. ಈ ಸಲ ನನ್ನ ಗಂಡ, ಡಾಕ್ಟರು ಇಬ್ಬರನ್ನು ಬಿಟ್ಟರೆ ಹೆತ್ತ ತಾಯಿಗೂ ಹೇಳಿರಲಿಲ್ಲ. ಮೂರನೆಯ ತಿಂಗಳು. ಒಂದು ಬಕೆಟ್ ನೀರು ಕೂಡ ಎತ್ತಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹೊಳೆನರಸೀಪುರದ ತವರಿಗೆ ಹೋಗಿದ್ದವಳು ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದೆ. ಬೇಲಿ ಹಲಗೆ ಎಲ್ಲ ಕಾಣುವಂತೆ ಕಲ್ಲಿನ ಫೋಟೋ ಬೇಕೆಂದು ಸಂಸ್ಥೆಯವರು ಕೇಳಿದ್ದರು. ದಾರಿಯಲ್ಲೇ ಇದೆಯಲ್ಲ ಎಂದು ಇಳಿದೆ. ನಮ್ಮವರು ಸ್ಕೂಟರಿನಲ್ಲಿ ಬಂದು ಅಲ್ಲಿಂದ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು.

ಹೊತ್ತು ಮುಳುಗುತ್ತಿತ್ತು. ಫೋಟೋ ತೆಗೆದು ಫೋನು ಚೀಲಕ್ಕೆ ಹಾಕಿಕೊಂಡು ನೋಡುತ್ತೇನೆ, ಜಾಲರಿಯ ಪಕ್ಕ ಒಬ್ಬ ಹೆಂಗಸು ನಿಂತಿದ್ದಾಳೆ. ನನ್ನ ವಯಸ್ಸೇ ಇರಬೇಕು. ತಲೆಯ ಮೇಲೆ ಹಸಿಹುಲ್ಲಿನ ದೊಡ್ಡ ಹೊರೆ, ಅದರಿಂದ ನೀರು ತೊಟ್ಟಿಕ್ಕಿ ಭುಜವೆಲ್ಲ ಒದ್ದೆ. ಕುತ್ತಿಗೆಯ ನರ ಉಬ್ಬಿತ್ತು. ಅವಳು ಕಲ್ಲನ್ನೊಮ್ಮೆ, ಬೇಲಿಯನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ವಸಿ ಕೈ ಕೊಡವ್ವಾ. ಒರೆ ಇಳುಸ್ಬೇಕು."

ನಮ್ಮ ಕಡೆ ಇದಕ್ಕೆ ಯಾರೂ ಇಲ್ಲವೆನ್ನುವುದಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಹೊರೆಗೆ ಕೈ ಕೊಡುತ್ತಾರೆ. ಆದರೆ ನನಗೆ ಡಾಕ್ಟರ ಮಾತು ನೆನಪಾಯಿತು. ರಸ್ತೆಯುದ್ದಕ್ಕೂ ನೋಡಿದೆ, ನರಪಿಳ್ಳೆಯೂ ಇರಲಿಲ್ಲ. ನಾನು ಬಸುರಿ, ಆಗುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ತಾಯಿಗೇ ಹೇಳದ ಮಾತು ದಾರಿಹೋಕಳೆದುರು ಬಾಯಿಗೆ ಬರಲಿಲ್ಲ. ಅವಳು ಹೊರೆ ಹೊತ್ತುಕೊಂಡೇ ನಿಂತಿದ್ದಳು. ಬೇಲಿ ಹಾಕಿಸಿದವರ ಕಡೆಯವಳು ನಾನೇ ಅಲ್ಲವೇ ಎಂಬುದು ಹೊಳೆದಾಗ ಇನ್ನು ತಡೆಯಲಾಗಲಿಲ್ಲ. ಹೊಟ್ಟೆಯಲ್ಲಿದ್ದ ಜೀವಕ್ಕೆ ಮನಸ್ಸಿನಲ್ಲೇ, ಗಟ್ಟಿಯಾಗಿ ಹಿಡ್ಕೋ ಕಂದಾ ಎಂದು ಹೇಳಿ, ಎರಡೂ ಕೈ ಎತ್ತಿ ಹೊರೆ ಹಿಡಿದೆ.

ಭಾರವೇ ಇರಲಿಲ್ಲ. ಅಂಗೈಗೆ ಒದ್ದೆ ಹುಲ್ಲು ತಣ್ಣಗೆ ತಗುಲಿತು, ಅದರ ವಾಸನೆ ಮೂಗಿಗೆ ಬಡಿಯಿತು. ಆದರೆ ಖಾಲಿ ಮೊರ ಹಿಡಿದಷ್ಟೂ ತೂಕ ಗೊತ್ತಾಗಲಿಲ್ಲ. ಹೊರೆ ನೆಲ ಮುಟ್ಟಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಉದ್ದಕ್ಕೆ ಉಸಿರು ಬಿಟ್ಟಳು. ಅಷ್ಟು ನಿರಾಳವಾದ ಉಸಿರನ್ನು ನಾನು ಇನ್ನೊಬ್ಬರಿಂದ ಕೇಳಿಲ್ಲ.

"ನಿಂದೂ ಇಂಗೇ ಅಗೂರುಕ್ಕೆ ಇಳೀತದೆ," ಅಂದಳು. "ಎದ್ರುಕೋಬ್ಯಾಡ."

ಅಷ್ಟರಲ್ಲಿ ತಿರುವಿನಲ್ಲಿ ಸ್ಕೂಟರಿನ ಸದ್ದಾಯಿತು. ಆ ಕಡೆ ತಿರುಗಿ ಮತ್ತೆ ಈ ಕಡೆ ನೋಡಿದರೆ ಹೆಂಗಸೂ ಇಲ್ಲ, ಹೊರೆಯೂ ಇಲ್ಲ. ಎರಡೂ ಕಡೆ ಕೊಯ್ದು ಒಣಗಿದ ರಾಗಿ ಹೊಲ. ಅಡಗಲು ಒಂದು ಪೊದೆಯೂ ಇರಲಿಲ್ಲ.

ನಮ್ಮವರು ನಗುತ್ತಲೇ ಇಳಿದರು. "ತಿರುವಿನ ಆಚೆಯಿಂದ್ಲೇ ಕಾಣಿಸ್ತು, ಒಬ್ಳೇ ಎರಡೂ ಕೈ ಎತ್ಕೊಂಡು ನಿಂತಿದ್ದೆ, ಕಲ್ಲಿಗೇನಾದ್ರೂ ಶರಣಾದ್ಯಾ?" ನಾನು ಚಪ್ಪಡಿಯ ಕಡೆ ಕೈ ತೋರಿಸಿದೆ. ಬೀಗ ಹಾಕಿದ ಬೇಲಿಯೊಳಗೆ, ಚಪ್ಪಡಿಯ ನಟ್ಟನಡುವೆ ಒಂದು ಸಿಂಬೆ ಇತ್ತು. ಹೊರೆಯ ಕೆಳಗೆ ತಲೆಗೆ ಇಟ್ಟುಕೊಳ್ಳುತ್ತಾರಲ್ಲ, ಹಳೇ ಸೀರೆ ತುಂಡು ಸುತ್ತಿದ ಆ ಸಿಂಬೆ. ಅದು ಒದ್ದೆಯಾಗಿ ಕಲ್ಲಿನ ಮೇಲೆ ನೀರು ಇಳಿಯುತ್ತಿತ್ತು. ನಮ್ಮವರು ಜಾಲರಿಯ ಮೇಲಿಂದ ಕೈ ಚಾಚಿದರು, ಎಟುಕಲಿಲ್ಲ. ಮನೆ ಮುಟ್ಟುವವರೆಗೆ ಅವರು ಮತ್ತೆ ತಮಾಷೆ ಮಾಡಲಿಲ್ಲ.

ರಾತ್ರಿಯೆಲ್ಲ ಹೆದರಿಕೊಂಡೇ ಇದ್ದೆ. ಬೆಳಿಗ್ಗೆ ಸ್ಕ್ಯಾನಿನಲ್ಲಿ ಎದೆಬಡಿತ ಕೇಳಿಸಿದಾಗ ನನಗೆ ಬಂದ ಅಳುವಿಗೆ ಡಾಕ್ಟರೇ ಗಾಬರಿಯಾದರು.

ನನ್ನ ಚಾಳಿ ಸುಮ್ಮನಿರುತ್ತದೆಯೇ? ಎಲ್ಲ ಲೆಕ್ಕ ಹಾಕಿದೆ. ಸಿಂಬೆಯನ್ನು ಯಾರಾದರೂ ಹೊರಗಿನಿಂದ ಎಸೆದಿರಬಹುದು. ಬಸುರಿನಲ್ಲಿ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಟ್ಟಿರಬಹುದು. ಆದರೆ ಹಸಿಹುಲ್ಲು ಹೊತ್ತು ಯಾರಾದರೂ ಆ ದಾರಿಯಲ್ಲಿ ಹೋದರಾ ಎಂದು ವಿಚಾರಿಸಿದರೆ, ಈ ಬೇಸಿಗೆಯಲ್ಲಿ ಹಸಿಹುಲ್ಲು ಎಲ್ಲಿಂದ ಬರಬೇಕು ಎಂದು ಊರಿನವರು ನನ್ನನ್ನೇ ಕೇಳಿದರು. ಮುಂದಿನ ಭಾನುವಾರ ಮೇಷ್ಟ್ರು ಬೀಗ ತೆಗೆದಾಗ ಸಿಂಬೆ ಅಲ್ಲೇ ಒಣಗಿತ್ತು. ದ್ಯಾವಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸಂಘದ ಸಭೆಯಲ್ಲಿ ನಾನು ಆ ಹೆಂಗಸಿನ ಸುದ್ದಿ ಎತ್ತಲಿಲ್ಲ. ಹೊರೆ ಇಳಿಸಲಾಗದ ಮೇಲೆ ಅದು ಹೊರೆಗಲ್ಲು ಹೇಗಾಯಿತು, ಬರೀ ಕಲ್ಲು ಉಳಿಸಿದ ಹಾಗಾಯಿತಲ್ಲ ಎಂದಷ್ಟೇ ಕೇಳಿದೆ. ನಮ್ಮ ಬುದ್ಧಿಗೇ ಬೇಲಿ ಬಿದ್ದಿತ್ತು ನೋಡಿ ಅಂದರು ಮೇಷ್ಟ್ರು. ದೊಡ್ಡ ಸಂಸ್ಥೆಯವರು ಒಪ್ಪಲಿಕ್ಕಿಲ್ಲ ಎಂದುಕೊಂಡಿದ್ದೆವು. ಅವರ ಕಡೆಯ ಒಬ್ಬ ಹೆಣ್ಣುಮಗಳು ಬಂದು, ಕಲ್ಲನ್ನು ನೋಡಿ, ದ್ಯಾವಮ್ಮನ ಮಾತು ಕೇಳಿ, ತಾವೇ ನಿಂತು ಬೇಲಿ ತೆಗೆಸಿದರು. ರಸ್ತೆಯ ಅಂಚಿಗೆ ಮಾತ್ರ ಗಾಡಿ ತಾಗದಂತೆ ಗಟ್ಟಿ ಕಲ್ಲುಗಳನ್ನು ನೆಡಿಸಿದರು. ಹಲಗೆಯ ಮೇಲೆ ಈಗ 'ಹೊರೆ ಇಳಿಸಿ, ದಣಿವಾರಿಸಿಕೊಂಡು ಹೋಗಿ' ಎಂದಿದೆ. ಇವರೆಲ್ಲರ ಋಣ ನನ್ನ ಮೇಲಿದೆ. ಚರಂಡಿಯಿಂದ ಆ ಕಲ್ಲನ್ನು ಇವರು ಎತ್ತದಿದ್ದರೆ ಆ ಸಂಜೆ ನಾನು ಯಾರಿಗೆ ಕೈ ಕೊಡುತ್ತಿದ್ದೆ?

ಮಗಳು ಹುಟ್ಟಿದಳು. ಹೆರಿಗೆ ಎಷ್ಟು ಸಲೀಸಾಯಿತೆಂದರೆ ನರ್ಸಮ್ಮನೇ ಆಶ್ಚರ್ಯಪಟ್ಟರು. ಬಾಣಂತನ ಮುಗಿಸಿ ತವರಿನಿಂದ ಕರೆದುಕೊಂಡು ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸಿದೆವು. ಮತ್ತೆ ಬೇಸಿಗೆ, ಸುತ್ತ ಒಣಗಿದ ಹೊಲ. ಮಗುವನ್ನು ಚಪ್ಪಡಿಯ ಮೇಲೆ ಮಲಗಿಸಿ, ಬೀಳದಂತೆ ಒಂದು ಕೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ನಿಂತೆ. ಅವಳು ಅಳಲಿಲ್ಲ.

ಎತ್ತಿಕೊಂಡಾಗ ಅವಳ ಬೆನ್ನಿನ ಬಟ್ಟೆಯಲ್ಲಿ ಹಸಿಹುಲ್ಲಿನ ವಾಸನೆ ಇತ್ತು. ನಮ್ಮವರೂ ಮೂಸಿ ನೋಡಿದರು. ಯಾರಾದರೂ ಬೆಳಿಗ್ಗೆ ಅಲ್ಲಿ ಹುಲ್ಲಿನ ಹೊರೆ ಇಳಿಸಿ ಹೋಗಿರಬಹುದು. ಈಗ ಬೇಲಿಯೇನೂ ಇಲ್ಲವಲ್ಲ.