ಒಂದು ಸಲ ತಟ್ಟಿದರೆ ಸರಿ

ಇದನ್ನು ನಂಬಿ ಎಂದು ನಾನು ಯಾರನ್ನೂ ಬೇಡುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಕೃಷ್ಣಗಿರಿಯ ಆಸ್ಪತ್ರೆಯೊಂದರಲ್ಲಿ ಬದುಕಿನ ಬಹುಪಾಲು ರಾತ್ರಿ ಪಾಳಿ ಮಾಡಿದ ನರ್ಸ್ ನಾನು. ಸತ್ತವರ ಕಣ್ಣು ಮುಚ್ಚಿ, ಕೈ ತೊಳೆದುಕೊಂಡು, ಅದೇ ಕಾರಿಡಾರಿನಲ್ಲಿ ಕೂತು ಕಾಫಿ ಕುಡಿದಿದ್ದೇನೆ. ಹೆಣದ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಕತ್ತಲೆ ಎಂದರೆ ನನಗೆ ಕೆಲಸದ ಹೊತ್ತು, ಅಷ್ಟೇ.

ಆದರೂ ಈಗ ಕರೆಂಟು ಹೋದರೆ ನಮ್ಮ ಮನೆಯ ಒಂದು ಮೂಲೆಯ ಕಡೆ ನಾನು ತಕ್ಷಣ ತಿರುಗಿ ನೋಡುವುದಿಲ್ಲ...

ನನ್ನ ಯಜಮಾನರು ನಂಜುಂಡ. ಹೊಸೂರು ಸುತ್ತಿನ ಮದುವೆಗಳಿಗೆ ಹೋಗುವ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಹಾಡಿದವರ ಹೆಸರು ಮರೆತವರೂ 'ಗಿಟಾರ್ ನಂಜಣ್ಣನ ಸದ್ದು' ಮರೆಯುತ್ತಿರಲಿಲ್ಲ. ಆ ಸದ್ದು ಗಿಟಾರಿನದಲ್ಲ, ಅದರ ಹಿಂದಿರುವ ಪೆಟ್ಟಿಗೆಯದು ಎನ್ನುತ್ತಿದ್ದರು ಅವರು. ಗಾಜಿನ ವಾಲ್ವುಗಳು ಬಿಸಿಯಾದ ಮೇಲಷ್ಟೇ ದನಿ ಬರುವ ಹಳೆಯ ವಾಲ್ವ್ ಆಂಪ್ಲಿಫೈಯರುಗಳ ಹುಚ್ಚು ಅವರಿಗೆ. ಹೊಸ ಆಂಪ್ಲಿಫೈಯರು ಹೇಳಿದ್ದನ್ನು ಒಪ್ಪಿಸುತ್ತದೆ, ವಾಲ್ವಿನದು ಕೇಳಿಸಿಕೊಂಡು ಮಾತಾಡುತ್ತದೆ ಎಂದು ಅವರ ವಾದ.

ಸಾನಮಾವು ಕಾಡಿನ ಅಂಚಿನಲ್ಲಿ ನಮ್ಮ ಮನೆ. ಹಿತ್ತಲಿನಲ್ಲಿ ಅವರ ಶೆಡ್ಡು. ಆಂಪ್ಲಿಫೈಯರಿಗೆ ಒಂದು ವಾಲ್ವ್ ಬದಲಿಸಿದರೂ, ಸ್ಪೀಕರ್ ಬದಲಿಸಿದರೂ, ಅಲ್ಲಿಂದ ಒಂದೇ ಒಂದು ಮೀಟು ಮೀಟಿ, ಸುಮ್ಮನೆ ಕಾಯುತ್ತಿದ್ದರು. ಅಡುಗೆಮನೆಯಲ್ಲಿದ್ದ ನಾನು ಸೌಟಿನಿಂದ ಪಾತ್ರೆಗೆ ತಟ್ಟಬೇಕು. ಒಂದು ಸಲ ತಟ್ಟಿದರೆ ಸರಿ. ಎರಡು ಸಲ ತಟ್ಟಿದರೆ ಇನ್ನೊಮ್ಮೆ ನುಡಿಸಿ ಎಂದರ್ಥ. ಸಾರು ಉಕ್ಕಿ ಒಲೆ ಆರಲಿ, ನಾನು ತಟ್ಟುವವರೆಗೆ ಅವರು ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಒಂದು ಸಲ ತಟ್ಟಿದ ಕೂಡಲೇ ಅಂಗೈಯಿಂದ ತಂತಿ ಮುಚ್ಚುತ್ತಿದ್ದರು. ಸದ್ದು ಕತ್ತರಿಸಿದಂತೆ ನಿಲ್ಲುತ್ತಿತ್ತು.

ಹೋದ ಮಳೆಗಾಲದಲ್ಲಿ ಅವರು ಹೋದರು.

ಚಳಿಗಾಲದ ಹೊತ್ತಿಗೆ ನಾನೂ ಮಗಳು ಮಂಗಳಾಳೂ ಬಾಗಲೂರಿನ ಹೊಸ ಬಡಾವಣೆಯ ಪುಟ್ಟ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಅವಳ ಫ್ಯಾಕ್ಟರಿ ಬಸ್ಸು ಅಲ್ಲಿಯೇ ನಿಲ್ಲುತ್ತದೆ. ಆ ಮನೆಯಲ್ಲಿ ಒಂದು ಆಂಪ್ಲಿಫೈಯರಿಗೂ ಒಂದು ಸ್ಪೀಕರಿಗೂ ಮಾತ್ರ ಜಾಗ. ಉಳಿದದ್ದನ್ನು ಬಳಸುವವರ ಕೈಗೆ ಕೊಡುವುದೆಂದು ನಾನೇ ಹೇಳಿದ್ದೆ. ನಾನು ಹೇಳುತ್ತಿರುವ ರಾತ್ರಿ ಕಳೆದರೆ ಬೆಳಿಗ್ಗೆ ಕೊಳ್ಳುವವರ ಟೆಂಪೊ ಬೆಂಗಳೂರಿನಿಂದ ಬರುವುದಿತ್ತು. ಆ ಭಾನುವಾರವೇ ಡೆಂಕಣಿಕೋಟೆಯ ಮದುವೆಯೊಂದರಲ್ಲಿ ಮಂಗಳಾ ಅಪ್ಪನ ಜಾಗದಲ್ಲಿ ನಿಂತು ಮೊದಲ ಸಲ ನುಡಿಸಬೇಕಿತ್ತು.

ಯಾವ ಪೆಟ್ಟಿಗೆಯೊಳಗೆ ಅವರ ಸದ್ದಿದೆ ಎಂದು ಅವರು ಯಾರಿಗೂ ಹೇಳಿ ಹೋಗಿರಲಿಲ್ಲ. ತಪ್ಪಾದದ್ದನ್ನು ಇಟ್ಟುಕೊಂಡರೆ ಆ ಸದ್ದು ಟೆಂಪೊ ಹತ್ತಿ ಹೋದಂತೆಯೇ. ಅದನ್ನು ಗುರುತಿಸಬಲ್ಲ ಕಿವಿ ಉಳಿದಿದ್ದದ್ದು ನನ್ನದೊಂದೇ.

ಮಂಗಳಾ ಕೆಲಸ ಮುಗಿಸಿ ಬಂದು, ಮುದ್ದೆ ಉಂಡು, ಶೆಡ್ಡಿನ ಬಾಗಿಲು ತೆಗೆದಳು. ಸುಟ್ಟ ಧೂಳು, ಬೆಸುಗೆಯ ರಾಳ, ತಂತಿಗೆ ಒರೆಸುವ ತೆಂಗಿನೆಣ್ಣೆ... ಒಟ್ಟಿಗೆ ಮುಖಕ್ಕೆ ಬಂತು.

ನಾನು ಕ್ರಮ ಹೇಳಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಅದೇ ಗಿಟಾರು, ಅದೇ ವೈರು, ಅದೇ ಮೀಟು. ಸದ್ದಿನ ಮಟ್ಟವೂ ಒಂದೇ ಇರಬೇಕು, ಏಕೆಂದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ. ಕಣ್ಣು ಅದಕ್ಕಿಂತ ದೊಡ್ಡ ಮೋಸಗಾರ. ಅಂದವಾದ ಪೆಟ್ಟಿಗೆ ಕಂಡರೆ ಅಂದವಾದ ಸದ್ದೇ ಕೇಳುತ್ತದೆ. ಅದಕ್ಕೆ ನಾನು ಗೋಡೆಗೆ ಮುಖ ಮಾಡಿ ಕೂತು, ಕಣ್ಣಿಗೆ ಟವೆಲು ಕಟ್ಟಿಕೊಂಡೆ.

"ಆಪರೇಷನ್ ಮಾಡೋರ್ ತರ ಕಟ್ಕಂಡಿದ್ದೀಯಲ್ಲಮ್ಮ," ಎಂದು ಮಂಗಳಾ ನಕ್ಕಳು. "ಕಳ್ಳಾಟ ಆಡ್ಬ್ಯಾಡ ಮತ್ತೆ."

"ನೀನು ಬಾಯಿ ಮುಚ್ಚಿ ನುಡಿಸು."

ಮೊದಲು ಸ್ಪೀಕರುಗಳು. ಭಾರದ ಅಯಸ್ಕಾಂತದ ಹೊಸ ಸ್ಪೀಕರು ಎದೆಗೆ ಗುದ್ದಿತು, ಆದರೆ ಮೀಟಿದ ಬೆರಳ ಸದ್ದು ಕೇಳಿಸಲಿಲ್ಲ. ಇನ್ನೊಂದು ಹಿಂದೆ ಟೆಂಟ್ ಸಿನಿಮಾದಲ್ಲಿದ್ದದ್ದು. ಅದರ ಕಾಗದದ ಕೋನು ವರ್ಷಗಟ್ಟಲೆ ಅದುರಿ ಅದುರಿ ಒಗೆದ ಸೀರೆಯಂತೆ ಮೆತ್ತಗಾಗಿತ್ತು. ಅದರಲ್ಲಿ ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸಿತು. ಅದನ್ನೇ ಇಟ್ಟುಕೊಂಡೆವು.

ಆಮೇಲೆ ಆಂಪ್ಲಿಫೈಯರುಗಳು. ಒಟ್ಟು ಮೂರು. ವಾಲ್ವ್ ಕಾಯಲು ಕೊಂಚ ಹೊತ್ತು ಬೇಕು. ಮೊದಲು ಸಣ್ಣಗೆ ಗುಂಯ್ ಎನ್ನುತ್ತದೆ, ಆಮೇಲೆ ಜೀವ ಬರುತ್ತದೆ.

ಮೊದಲನೆಯದು ಗಾಜಿನ ಲೋಟಕ್ಕೆ ಚಮಚ ತಾಗಿಸಿದಂತೆ ಶುಭ್ರ. ನಾನು ಮುಂದಿದ್ದ ಮರದ ಬೆಂಚಿಗೆ ಎರಡು ಸಲ ತಟ್ಟಿದೆ. ಇನ್ನೊಮ್ಮೆ ನುಡಿಸಿದಳು. ಅಲ್ಲ. ಎರಡನೆಯದು ದಪ್ಪ, ಬೆಚ್ಚಗೆ. ಅವರು ಕೊನೆಕೊನೆಗೆ ಮದುವೆಗಳಿಗೆ ಹೊತ್ತೊಯ್ಯುತ್ತಿದ್ದದ್ದು ಇದೇ ಇರಬೇಕು ಅನ್ನಿಸಿತು.

"ಇದೇನಾ ಅಮ್ಮ?"

"ಹತ್ತಿರ ಬಂತು. ಆದರೆ ಇದು ಉಂಡು ಮಲಗಿದವರ ದನಿ ಕಣೆ. ಅವರದು ಎದ್ದು ಕೂತಿರುತ್ತಿತ್ತು."

"ಸರಿ, ಮೂರ್ನೇದು ಜೋಡಿಸ್ತೀನಿ. ಟವೆಲ್ ಬಿಚ್ಬ್ಯಾಡ."

ವೈರು ಕಿತ್ತ ಸದ್ದು. ಎರಡನೆಯದರ ಗುಂಯ್ ನಿಂತಿತು. ಮಂಗಳಾಳ ಹೆಜ್ಜೆ ಅತ್ತ ಹೋಯಿತು. ವೈರು ಹುಡುಕುತ್ತಿದ್ದಾಳೆ ಅಂದುಕೊಂಡೆ. ಹೊರಗೆ ದೂರದಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ರಾಗಿ ತೆನೆಗಟ್ಟಿದ ಕಾಲದಲ್ಲಿ ಅದು ನಮಗೆ ಹೊಸದಲ್ಲ. ಆನೆ ಇಳಿದಿರಬೇಕು.

ಆಮೇಲೆ ತಗಡಿನ ಸದ್ದೂ ನಿಂತಿತು...

ನಾನು ಕಾದೆ. ರೋಗಿಯ ನಾಡಿ ಹಿಡಿದು ಕಾಯುವಂತೆ, ಉಸಿರು ಸಣ್ಣಗೆ ಮಾಡಿಕೊಂಡು.

ಬೆನ್ನ ಹಿಂದೆ ಗುಂಯ್ ಶುರುವಾಯಿತು. ಬಹಳ ಕೆಳಗಿನಿಂದ, ನೆಲದೊಳಗಿನಿಂದ ಏಳುವಂತೆ. ಕಾದ ಧೂಳಿನ ವಾಸನೆ ಬಂತು. ಅದರ ಹಿಂದೆಯೇ ತೆಂಗಿನೆಣ್ಣೆಯ ವಾಸನೆ... ಮೊದಲಿಗಿಂತ ಹೆಚ್ಚು, ಆಗ ತಾನೇ ಹಚ್ಚಿದಂತೆ.

ಆಮೇಲೆ ಒಂದೇ ಒಂದು ಮೀಟು.

ಹೇಗೆ ಹೇಳಲಿ? ಮದುವೆಯಾದ ಹೊಸತರಲ್ಲಿ ರಾತ್ರಿ ಪಾಳಿ ಮುಗಿಸಿ ಮೊದಲ ಬಸ್ಸಿಗೆ ಬಂದಿಳಿದರೆ, ನಮ್ಮ ಮನೆಗೆ ತಿರುಗುವ ಕಾಲುದಾರಿಯಲ್ಲೇ ಆ ಸದ್ದು ಎದುರಾಗುತ್ತಿತ್ತು. ಅಂಚಿನಲ್ಲಿ ಕೊಂಚ ಒಡೆದ ಸದ್ದು. ಹೆಚ್ಚು ಹೊತ್ತು ಮಾತಾಡದೆ ಇದ್ದವರು ಬಾಯಿ ತೆರೆದಾಗ ಮೊದಲ ಅಕ್ಷರ ಒಡೆಯುತ್ತದಲ್ಲ, ಹಾಗೆ. ಎಷ್ಟೋ ವರ್ಷದಿಂದ ನಾನು ಅದನ್ನು ಕೇಳಿರಲಿಲ್ಲ. ಮರೆತಿದ್ದೆ ಎಂಬುದೂ ನನಗೆ ಮರೆತುಹೋಗಿತ್ತು.

ಟವೆಲು ಒದ್ದೆಯಾಯಿತು. ಬೆಂಚಿಗೆ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದೆ.

ಸದ್ದು ನಿಂತಿತು. ಅಂಗೈಯಿಂದ ತಂತಿ ಮುಚ್ಚಿದಂತೆ.

"ಅಮ್ಮಾ... ಯಾಕ್ ತಟ್ದೆ?"

ಮಂಗಳಾಳ ದನಿ ನನ್ನ ಬೆನ್ನ ಹಿಂದಿನಿಂದ ಬರಲಿಲ್ಲ. ಬಾಗಿಲ ಕಡೆಯಿಂದ ಬಂತು.

"ಇದೇ ಕಣೆ. ಸಿಕ್ಕಿತು."

"ಯಾವ್ದು?"

"ಈಗ ನುಡಿಸಿದೆಯಲ್ಲ, ಅದು."

"ನಾನೆಲ್ ನುಡ್ಸ್ದೆ?" ಅವಳ ದನಿ ಸಣ್ಣಗಾಯಿತು. "ವೈರ್ ಕಿತ್ತಿದ್ದೇ ಕರೆಂಟ್ ಹೋಗ್ಬುಡ್ತು. ಊರಿಗೆಲ್ಲ ಹೋಗೈತಾ ಅಂತ ನೋಡಕ್ಕೆ ಇಲ್ಲಿ ಬಂದ್ ನಿಂತಿದ್ದೀನಿ. ನೀನು ಸುಮ್ನೆ ಕುಂತಿದ್ದೆ, ನಾನೂ ಸುಮ್ನಿದ್ದೆ..."

ಟವೆಲು ತೆಗೆದೆ. ಟವೆಲಿನ ಒಳಗೂ ಹೊರಗೂ ಒಂದೇ ಕತ್ತಲೆ.

ಮಂಗಳಾ ಫೋನಿನ ಬೆಳಕು ಹಾಕಿದಳು. ಗಿಟಾರು ಚಾಪೆಯ ಮೇಲೆ ಮಲಗಿತ್ತು. ವೈರು ಇನ್ನೂ ಅವಳ ಕೈಯಲ್ಲೇ ಇತ್ತು. ಮೂರನೆಯ ಆಂಪ್ಲಿಫೈಯರು ಮೂಲೆಯಲ್ಲಿ ಗೋಣಿಚೀಲದ ಕೆಳಗಿತ್ತು. ಅವಳು ಅದನ್ನು ಈಚೆಗೆ ಎಳೆದೇ ಇರಲಿಲ್ಲ. ಟೆಂಟ್ ಸಿನಿಮಾ ಮುಚ್ಚಿದಾಗ ತಂದ ಭಾಗಗಳಿಂದ ಅವರು ಸ್ವತಃ ಕಟ್ಟಿದ, ಅಲ್ಯೂಮಿನಿಯಂ ತಗಡಿನ ಕುರೂಪಿ ಪೆಟ್ಟಿಗೆ ಅದು.

"ನೀನೇನೂ ಕೇಳಲಿಲ್ಲವಾ?"

"ನೀನ್ ತಟ್ಟಿದ್ದು ಕೇಳ್ತು. ಅಷ್ಟೇಯ."

ಗೋಣಿ ಸರಿಸಿ, ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯ ಹಿಂಭಾಗ ಇಟ್ಟೆ. ಜ್ವರ ನೋಡುವುದು ಹಾಗೆಯೇ. ಅಂಗೈ ಸುಳ್ಳು ಹೇಳುತ್ತದೆ, ಕೈಯ ಹಿಂಭಾಗ ಹೇಳುವುದಿಲ್ಲ.

ಬಿಸಿ ಇತ್ತು.

ಅಷ್ಟರಲ್ಲಿ ಹೊರಗೆ ಟಾರ್ಚಿನ ಬೆಳಕು ಓಡಿಬಂತು. ಕಾಡಂಚಿನ ಕಾವಲಿಗಿದ್ದ ಮುನಿರಾಜು. ಏದುಸಿರು, ಮೈಯೆಲ್ಲ ಆನೆಯ ವಾಸನೆ.

"ಏನ್ ಸಿಸ್ಟರಮ್ಮಾ, ಬುದ್ಧಿ ಗಿದ್ಧಿ ಐತಾ ನಿಮ್ಗೆ?" ಗಂಟಲಲ್ಲೇ ಬೈದ. "ಆನೆಗೋಳು ನಿಮ್ ಬೇಲಿತಾವ ನಿಂತಿದ್ವು. ನೀವು ಗಿಟಾರ್ ಬಾರಿಸ್ಕಂಡ್ ಕುಂತಿದ್ದೀರ!"

"ನಾವು ಬಾರಿಸಲಿಲ್ಲ ಮುನಿರಾಜು."

"ನನ್ ಕಿವಿ ಏನ್ ಕಿವುಡಾ? ಒಂದೇ ಏಟು. ಥೇಟು ನಂಜಣ್ಣ ಬಾರಿಸ್ದಂಗೆ. ಆನೆಗೋಳು ಕಿವಿ ಬಡಿಯೋದ್ ನಿಲ್ಸಿ ಹಂಗೇ ನಿಂತ್ಬುಟ್ವು. ಆಮ್ಯಾಕೆ ಸುಮ್ಕೆ ತಿರುಕ್ಕಂಡ್ ಹೋದ್ವು. ಬಚಾವಾದ್ರಿ, ಇಲ್ದಿದ್ರೆ ಈ ಶೆಡ್ಡು..."

"ಮುನಿಯಣ್ಣ," ಎಂದಳು ಮಂಗಳಾ, "ಕರೆಂಟ್ ಇಲ್ವಲ್ಲ."

"ಗೊತ್ತಮ್ಮ, ಲೈನ್ ಆಫ್ ಮಾಡ್ಸಿದ್ದೇ ನಾನು. ಆನೆಗೆ ತಂತಿ ತಗುಲ್ಬಾರ್ದು ಅಂತ ಫೋನ್ ಮಾಡಿ..."

ಟಾರ್ಚಿನ ಬೆಳಕು ಗಿಟಾರಿನ ಮೇಲೆ ಹೋಯಿತು, ನನ್ನ ಮುಖಕ್ಕೆ ಬಂತು, ಗೋಣಿ ಸರಿಸಿದ ಪೆಟ್ಟಿಗೆಯ ಮೇಲೆ ನಿಂತಿತು.

"ಬ್ಯಾಟ್ರೀದಾ?" ಎಂದು ಕೇಳಿದ.

ಮಂಗಳಾ ತನ್ನ ಕೈಯಲ್ಲೇ ಇದ್ದ ವೈರನ್ನು ಎತ್ತಿ ತೋರಿಸಿದಳು.

"ಮುರುಗಾ..." ಅಂದವನು ಹೊಸಿಲು ದಾಟಲಿಲ್ಲ. ಬೆಳಗಿನವರೆಗೂ ನಮ್ಮ ಜಗಲಿಯ ಮೇಲೇ ಕೂತಿದ್ದ. ಆನೆಗೆ ಕಾಯುತ್ತಿದ್ದೇನೆ ಅಂದ. ಆದರೆ ಬೆನ್ನನ್ನು ಕಾಡಿನ ಕಡೆ ಮಾಡಿ, ಮುಖವನ್ನು ಶೆಡ್ಡಿನ ಕಡೆಗೇ ಇಟ್ಟಿದ್ದ.

ಬೆಳಿಗ್ಗೆ ಟೆಂಪೊ ಬಂತು. ಕೊಳ್ಳಲು ಬಂದವರು ಫಿರೋಜ್ ಎಂಬ ವಿನಯದ ಮನುಷ್ಯ. ಒಂದೊಂದನ್ನೂ ತಿರುಗಿಸಿ, ಹಿಂದಿನ ತಗಡು ಬಿಚ್ಚಿ ನೋಡಿದರು. ಮೂರನೆಯದಕ್ಕೆ ಬಂದಾಗ ತಲೆಯೆತ್ತಿದರು.

"ಮೇಡಂ, ಇದು ಬರೀ ಡಬ್ಬ. ಒಳಗೆ ಒಂದು ವಾಲ್ವೂ ಇಲ್ಲ. ಕರೆಂಟಿನ ವೈರು ಕೂಡ ಬುಡಕ್ಕೇ ಕತ್ತರಿಸಿದೆ."

ನಾನು ಬಗ್ಗಿ ನೋಡಿದೆ. ವಾಲ್ವ್ ಕೂರುವ ಗುಳಿಗಳಲ್ಲಿ ಜೇಡ ಬಲೆ ಕಟ್ಟಿತ್ತು. ಬಲೆ ಎಲ್ಲಿಯೂ ಹರಿದಿರಲಿಲ್ಲ.

"ನೀವು ಆ ಎರಡನೇದು ಇಟ್ಕೊಳ್ಳಿ ಮೇಡಂ. ತುಂಬ ಚೆನ್ನಾಗಿದೆ. ನನಗೆ ನಷ್ಟ, ಆದರೂ ಹೇಳ್ತಿದ್ದೀನಿ."

"ಅದನ್ನು ನೀವು ತೆಗೆದುಕೊಂಡು ಹೋಗಿ. ಇದು ಉಳಿಯುತ್ತದೆ."

"ಅಮ್ಮ!" ಮಂಗಳಾ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. "ಭಾನ್ವಾರ ನಾನೇನ್ ಡಬ್ಬ ಬಡೀಲಾ? ಕತ್ಲಲ್ಲಿ ಏನೋ ಕೇಳ್ತು ಅಂತ..."

"ನಾನು ತಟ್ಟಿ ಆಗಿದೆ ಮಂಗಳಾ."

ಅವಳು ನನ್ನ ಮುಖ ನೋಡಿದಳು. ಅಪ್ಪನ ಕ್ರಮ ಅವಳಿಗೂ ಗೊತ್ತಿತ್ತು. ಹೋಗಿ ಎರಡನೆಯದನ್ನು ತಾನೇ ಟೆಂಪೊಗೆ ಎತ್ತಿಕೊಟ್ಟಳು.

ಅವರ ರಿಪೇರಿ ಸಾಮಾನಿನ ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟ ಹಳೆಯ ವಾಲ್ವುಗಳಿದ್ದವು. ಹೊಸೂರಿನ ರೇಡಿಯೊ ರಿಪೇರಿಯವರೊಬ್ಬರಿಂದ ಹೊಸ ವೈರು ಹಾಕಿಸಿ, ಅವನ್ನೇ ಕೂರಿಸಿದೆವು. ಭಾನುವಾರ ಮಂಗಳಾ ನುಡಿಸಿದಳು. ವೇದಿಕೆಯಿಂದ ಇಳಿದು ಬಂದಾಗ ಅವಳ ಮುಖ ಅರಳಿತ್ತು.

"ನಂಜಣ್ಣನೇ ಬಂದಂಗಾಯ್ತು ಅಂದ್ರಮ್ಮ ಎಲ್ಲಾರೂ!"

"ಚೆನ್ನಾಗಿತ್ತು," ಎಂದೆ. ಚೆನ್ನಾಗಿಯೇ ಇತ್ತು. ಎದ್ದು ಕೂತ ಸದ್ದೇ. ಆದರೆ ಅಂಚಿನಲ್ಲಿ ಆ ಒಡಕು ಇರಲಿಲ್ಲ. ಅದು ನಾನು ಆ ರಾತ್ರಿ ಕೇಳಿದ್ದಲ್ಲ. ಇದನ್ನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಈಗ ಬಾಗಲೂರಿನ ಮನೆಯಲ್ಲಿ ಅದು ಮೂಲೆಯಲ್ಲಿದೆ. ಮೇಲೆ ಒಂದು ಬಿಳಿ ಬಟ್ಟೆ ಹಾಸಿದ್ದೇನೆ. ಮಂಗಳಾ ನುಡಿಸಿದ ಮೇಲೆ ಪ್ಲಗ್ಗು ಕಿತ್ತು, ವೈರು ಸುತ್ತಿ, ವಾಲ್ವುಗಳು ತಣ್ಣಗಾದದ್ದನ್ನು ಮುಟ್ಟಿ ನೋಡಿಯೇ ನಾನು ಮಲಗುವುದು. ಇಲ್ಲಿ ಆನೆಯ ಕಾಟವಿಲ್ಲ. ಆದರೆ ಕರೆಂಟು ಇಲ್ಲೂ ಹೋಗುತ್ತದೆ.

ಮೊನ್ನೆ ಹೋಯಿತು. ಮಂಗಳಾ ರಾತ್ರಿ ಪಾಳಿಗೆ ಹೋಗಿದ್ದಳು. ಬಡಾವಣೆಯ ಫ್ಯಾನು, ಟಿವಿ, ಮೋಟರು, ಎಲ್ಲದರ ಸದ್ದೂ ಒಮ್ಮೆಲೇ ಬಿದ್ದುಹೋಯಿತು. ಮೇಣದಬತ್ತಿ ಹುಡುಕಲು ಎದ್ದವಳಿಗೆ ತೆಂಗಿನೆಣ್ಣೆಯ ವಾಸನೆ ಬಂತು...

ನಡೆದು ಹೋಗಿ, ಬಟ್ಟೆ ಸರಿಸಿ, ಮುಚ್ಚಳಕ್ಕೆ ಕೈಯ ಹಿಂಭಾಗ ಇಟ್ಟೆ. ಸಣ್ಣ ಜ್ವರದ ಹಣೆಯಷ್ಟು ಬಿಸಿ.

ಸದ್ದಿಲ್ಲ. ಇರುವುದೂ ಇಲ್ಲ. ನಾನು ಒಂದು ಸಲ ತಟ್ಟಿ ಸರಿ ಎಂದುಬಿಟ್ಟಿದ್ದೇನೆ, ಅವರು ತಂತಿ ಮುಚ್ಚಿದ್ದಾರೆ. ಸರಿ ಎಂದ ಮೇಲೆ ಅವರು ಮತ್ತೆ ನುಡಿಸಿದ್ದು ಎಂದೂ ಇಲ್ಲ. ನುಡಿಸಬೇಕಾದರೆ ನಾನು ಎರಡು ಸಲ ತಟ್ಟಬೇಕು.

ಕೈ ಅಲ್ಲೇ ಇತ್ತು. ಬೆರಳು ಮಡಿಸಿದೆ, ಗೆಣ್ಣು ತಗಡಿಗೆ ತಾಗುವಷ್ಟು ಹತ್ತಿರ.

ಹೆಣದ ಕೋಣೆಯ ಬೀಗವನ್ನು ಎಷ್ಟೋ ರಾತ್ರಿ ಒಂಟಿಯಾಗಿ ತೆಗೆದ ಕೈ ಅದು.

ಕರೆಂಟು ಬರುವವರೆಗೂ ಹಾಗೆಯೇ ನಿಂತಿದ್ದೆ. ತಟ್ಟಲಿಲ್ಲ. ಆದರೆ ಕರೆಂಟು ಮತ್ತೆ ಹೋಗುತ್ತದೆ...