ಬೀಗರು ಬರುವಾಗ ಮೆಟ್ಟಿಲ ಮೇಲೆ ಐಸ್

ರೇಷ್ಮೆ ಪಂಚೆ ಉಟ್ಟುಕೊಂಡು, ದುಬೈಯಲ್ಲಿ, ಮನೆಯ ಹೊರಮೆಟ್ಟಿಲಿನಿಂದ ಐಸ್ ಕೆರೆದು ತೆಗೆದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?

ನಾನಿದ್ದೇನೆ.

ಕಳೆದ ಶನಿವಾರ ಮಿರ್ದಿಫ್‌ನ ನಮ್ಮ ಬಾಡಿಗೆ ವಿಲ್ಲಾದಲ್ಲಿ ಮಗಳು ಪ್ರಜ್ಞಾಳ ನಿಶ್ಚಿತಾರ್ಥ. ನನ್ನದು ಐಸ್ ವ್ಯಾಪಾರ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ಐಸ್ ತುಂಬುತ್ತಿದ್ದವನು. ಈಗ ಇಲ್ಲಿನ ಮೀನಂಗಡಿಗಳಿಗೆ ನನ್ನದೇ ಮೂರು ವ್ಯಾನುಗಳಲ್ಲಿ ಐಸ್ ಹೋಗುತ್ತದೆ. ಆದರೆ ಬೀಗರಿಗೆ ಮಗಳು ಹೇಳಿದ್ದು, ‘ಪಪ್ಪ ಲಾಜಿಸ್ಟಿಕ್ಸ್‌ನಲ್ಲಿದ್ದಾರೆ.’ (ಆ ಶಬ್ದಕ್ಕೆ ನನ್ನ ನಾಲಿಗೆಯೇ ಹೊರಳುವುದಿಲ್ಲ.)

ಫೋಟೋಗೆ ಸ್ನೋ ಬೇಕೆಂದು ಅವಳ ಆಸೆ. ಡೆಕೋರೇಷನ್‌ನವನು ಹತ್ತಿ ತಂದು ತೋರಿಸಿದ. ಐಸ್‌ನವನ ಮಗಳಿಗೆ ಹತ್ತಿಯೇ? ವ್ಯಾನ್ ತರಿಸಿ, ಪುಡಿ ಐಸನ್ನು ಮೆಟ್ಟಿಲ ತುಂಬ ಸುರಿಸಿದೆ. ಫೋಟೋಗಳು ಭರ್ಜರಿಯಾಗಿ ಬಂದವು. ಮಕ್ಕಳೆಲ್ಲ ತುಳಿದು ಕುಣಿದರು. ತುಳಿದ ಐಸ್ ಒತ್ತಿ ಒತ್ತಿ ಹಾಸುಗಲ್ಲಾಯಿತು. ಜನವರಿಯ ಸಂಜೆ ಬೇರೆ, ಬೇಗ ಕರಗುವ ಮಾತೇ ಇಲ್ಲ.

ಅಷ್ಟರಲ್ಲಿ ಊರಿನ ಆಚೆ ತುದಿಯ ಡಿಸ್ಕವರಿ ಗಾರ್ಡನ್ಸ್‌ನಿಂದ ಬೀಗರು ಬಂದರು. ಹುಡುಗನ ಅಜ್ಜಿ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಬರಿಗಾಲು ಇಟ್ಟವರೇ ಹಿಂದಕ್ಕೆಳೆದುಕೊಂಡರು.

“ಅಯ್ಯೋ ದೇವರೇ! ಇದೆಂತದು ಮಾರಾಯ್ರೆ?”

ಚಪ್ಪಲಿ! ನಮ್ಮವರು ಚಪ್ಪಲಿ ಬಿಟ್ಟೇ ಮನೆ ಹತ್ತುವವರು ಎಂಬುದು ನನಗೆ ಹೊಳೆದೇ ಇರಲಿಲ್ಲ.

“ಚಪ್ಪಲಿ ಹಾಕ್ಕೊಂಡೇ ಬನ್ನಿ ಅಮ್ಮ,” ಎಂದೆ.

“ದೀಪ ಹಚ್ಚಿದ ಮನೆಗಾ? ನಾನಿಲ್ಲೇ ಕೂತ್ಕೊಳ್ತೇನೆ. ನೀವು ಶಾಸ್ತ್ರ ಮುಗಿಸಿ.”

ಉಂಗುರ ಅವರ ಕೈಯಲ್ಲಿ. ಅವರಿಲ್ಲದೆ ಯಾವ ಶಾಸ್ತ್ರ? ಭಟ್ಟರು ವಾಚು ನೋಡಿಕೊಳ್ಳುತ್ತಿದ್ದರು. ಹಿಂಬಾಗಿಲಿನಿಂದ ಬನ್ನಿ ಎನ್ನೋಣವೇ? ಬೀಗರನ್ನು!

“ಉಪ್ಪು ಹಾಕಿ ಭಾವ, ಫಾರಿನ್‌ನಲ್ಲಿ ಹಾಗೇ ಮಾಡುವುದು,” ಎಂದ ಹೆಂಡತಿಯ ತಮ್ಮ.

“ಮಾರ್ಬಲ್ ಹಾಳಾದ್ರೆ ಓನರ್‌ಗೆ ನೀನು ಉತ್ತರ ಕೊಡ್ತೀಯಾ?” ಎಂದು ಹೆಂಡತಿ ಅವನ ಬಾಯಿ ಮುಚ್ಚಿಸಿದಳು.

ವ್ಯಾನಿನಲ್ಲಿ ಸಲಿಕೆ ಇತ್ತು. ತೆಗೆಯಲು ಹೋದರೆ ಪ್ರಜ್ಞಾ ಅಡ್ಡ ಬಂದಳು. “ಪಪ್ಪಾ, ನಾಟ್ ಯೂ. ಪ್ಲೀಸ್.”

ಅವಳ ಮುಖ ನೋಡಿದೆ, ಅಜ್ಜಿಯ ಬರಿಗಾಲು ನೋಡಿದೆ. ಆಮೇಲೆ ಪಂಚೆ ಎತ್ತಿ ಕಟ್ಟಿದೆ.

ಐಸನ್ನು ಕುಟ್ಟಬಾರದು. ಅಂಚಿಗೆ ಸಲಿಕೆ ಕೊಟ್ಟು ಎಬ್ಬಿಸಬೇಕು. ಕಾವಲಿಯಿಂದ ದೋಸೆ ಎದ್ದ ಹಾಗೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಇಷ್ಟು ವರ್ಷ ಆದರೂ ಕೈ ಮರೆತಿಲ್ಲ ಎಂದು ಒಳಗೊಳಗೇ ಖುಷಿ. (ಜಂಭವೆನ್ನಿ, ಬೇಜಾರಿಲ್ಲ.) ಒದ್ದೆ ಮೆಟ್ಟಿಲಿಗೆ ವ್ಯಾನಿನ ಗೋಣಿಚೀಲ ಹಾಸಿ ಅಜ್ಜಿಗೆ ಕೈ ಕೊಟ್ಟೆ.

“ಎಂಥಾ ತಣ್ಣಗಿನ ಕೈ! ನಿಮ್ಮದು ಎಂತ ಕೆಲಸ?”

ನಾನು ಬಾಯಿ ತೆರೆಯುವ ಮೊದಲೇ ಪ್ರಜ್ಞಾಳ ದನಿ ಕೇಳಿಸಿತು.

“ಐಸ್, ಅಜ್ಜಿ. ಪಪ್ಪನದ್ದು ಐಸ್ ಬಿಸಿನೆಸ್. ಸ್ವಂತದ್ದು.”

ಅಜ್ಜಿ ಕೊನೆಯ ಮೆಟ್ಟಿಲು ಹತ್ತಿ, ಸೆರಗು ಸರಿಮಾಡಿಕೊಂಡು ಕೇಳಿದರು: “ಹಾಗಾದ್ರೆ ಆ ಲಾಜಿಸ್ಟಿಕ್ಸ್‌ನವರು ಯಾರು?”

ನಗುತ್ತಲೇ ಉಂಗುರದ ಶಾಸ್ತ್ರ ಮುಗಿಯಿತು. ಮುಹೂರ್ತ ಮೀರಲಿಲ್ಲ. ಫೋಟೋಗಳಲ್ಲಿ ನನ್ನ ಪಂಚೆ ಮೊಣಕಾಲಿನ ತನಕ ಒದ್ದೆ. ಅಂಥದ್ದೊಂದನ್ನೇ ದೊಡ್ಡದು ಮಾಡಿಸಿ ಹಾಲ್‌ನಲ್ಲಿ ಹಾಕಿದ್ದೇನೆ.

ಅಂದ ಹಾಗೆ, ನಿಮ್ಮ ಮಕ್ಕಳು ನಿಮ್ಮ ಕೆಲಸಕ್ಕೆ ಏನು ಹೆಸರಿಟ್ಟಿದ್ದಾರೆ, ಕೇಳಿದ್ದೀರಾ?