ಸತ್ತೆವ್ವ ಜಗಿಯದ ಎಲೆ

ಮಮದಾಪುರದ ಗುಡ್ಡದ ಬುಡದಲ್ಲಿ ವಾಲ್ಮೀಕಿ ಓಣಿ ಅಂತ ಒಂದಿದೆ. ಹಿಂದಿನವರ ಬಾಯಲ್ಲಿ ಅದು ಬೇಡರ ಓಣಿ. ಅಲ್ಲಿಯ ಸತ್ತೆವ್ವನಿಗೆ ಎಪ್ಪತ್ತು ದಾಟಿ ಎಷ್ಟಾಯಿತು ಅನ್ನುವುದು ಅವಳ ಆಧಾರ್ ಕಾರ್ಡಿಗೂ ಸರಿಯಾಗಿ ಗೊತ್ತಿಲ್ಲ. ಎಂಟು ವರ್ಷದವಳಿದ್ದಾಗ ಅವ್ವನ ಹಿಂದೆ ಆಡು ಹೊಡೆದುಕೊಂಡು ಗುಡ್ಡ ಹತ್ತಿದವಳು. ಮುಂದೆ ಮದುವೆಯಾದಳು, ನಾಲ್ಕು ಹೆತ್ತಳು, ಎರಡನ್ನು ಕಳೆದುಕೊಂಡಳು, ಗಂಡ ಕೆಂಚಪ್ಪನನ್ನೂ ಮಣ್ಣು ಮಾಡಿದಳು. ಗುಡ್ಡ ಹತ್ತುವುದನ್ನು ಮಾತ್ರ ಬಿಡಲಿಲ್ಲ. ಗಂಡ ಸತ್ತ ಮೂರನೆಯ ದಿನವೇ ಕೋಲು ಹಿಡಿದು ಹೊರಟಾಗ ನೆರೆಯವರು ಬಾಯಿ ಮೇಲೆ ಕೈಯಿಟ್ಟುಕೊಂಡರು. "ಆಡಿಗೇನ ಸೂತಕ ಐತೇನ?" ಅಂದಳಂತೆ.

ಗುಡ್ಡದ ನೆತ್ತಿಯ ಬಂಡೆಯಲ್ಲಿ ಒಂದು ದೊಣೆ ಇದೆ. ಮಳೆಯಲ್ಲಿ ತುಂಬಿದರೆ ಹೋಳಿ ಹುಣ್ಣಿಮೆಯವರೆಗೂ ಅದರಲ್ಲಿ ನೀರು. ಆ ಗುಡ್ಡದಲ್ಲಿ ಆಡು ನೀರಿಗೆ ಬಾಯಿ ಹಾಕಲು ಮತ್ತೊಂದು ಜಾಗವಿಲ್ಲ. ದೊಣೆ ಹೋದರೆ ಸತ್ತೆವ್ವನ ಹದಿನೇಳು ಆಡು ಗೋಕಾಕದ ಸಂತೆಗೆ, ಸತ್ತೆವ್ವ ಸೊಸೆಯ ಟಿವಿಯ ಮುಂದಕ್ಕೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದಳೋ, ಅವಳಿಗೇ ಗೊತ್ತು.

ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯೊಂದು ಬಂದು ಗುಡ್ಡದ ಉದ್ದಕ್ಕೂ ಬಿಳಿ ಫ್ಯಾನು ನಿಲ್ಲಿಸಿತು. ಇಷ್ಟು ದೊಡ್ಡ ಫ್ಯಾನು ಸುತ್ತುವಾಗ ಮನೆಯೊಳಗಿನ ಸಣ್ಣ ಫ್ಯಾನು ಸುತ್ತದೇ ಇರುತ್ತದೆಯೇ ಎಂದು ಓಣಿಯವರು ಖುಷಿಪಟ್ಟರು. ಸುತ್ತದೇ ಇತ್ತು. ಕರೆಂಟು ಅವರ ಮಾಳಿಗೆಯ ಮೇಲಿನಿಂದಲೇ ದಪ್ಪ ತಂತಿಯಲ್ಲಿ, ಅತ್ತಿತ್ತ ನೋಡದೆ, ದೊಡ್ಡ ಊರಿಗೆ ಹೋಗುತ್ತಿತ್ತು. ಸಿರಿವಂತ ನೆಂಟರು ಹಾಗೇ; ಬಾಗಿಲ ಮುಂದೆ ಹಾದು ಹೋಗುತ್ತಾರೆ, ಒಳಗೆ ಬಂದು ನೀರು ಕುಡಿಯುವುದಿಲ್ಲ.

ಹದಿನಾಲ್ಕನೆಯ ಫ್ಯಾನಿನ ಕ್ರೇನು ನಿಲ್ಲಲು ಸಪಾಟು ಜಾಗ ಬೇಕಾಯಿತು. ದೊಣೆ ಮುಚ್ಚಿದರಾಯಿತೆಂದು ಯಾರೋ ಕಾಗದದ ಮೇಲೆ ಗೆರೆ ಎಳೆದರು. ಆದರೆ ಬಂಡವಾಳ ಹಾಕುವ ಪರದೇಶದವರದು ಒಂದು ಷರತ್ತು: ಅಲ್ಲಿಯ ಮೂಲನಿವಾಸಿಗಳು ಒಪ್ಪಬೇಕು, ಅದೂ ತಮ್ಮ ಸಂಪ್ರದಾಯದಂತೆ. ಆಗ ಕಂಪನಿಗೆ ಮೂಲನಿವಾಸಿಗಳು ಬೇಕಾದರು. ಹುಡುಕಿದರೆ ಗುಡ್ಡದ ಬುಡದಲ್ಲೇ ಸಿಕ್ಕರು. ಪಾಪ, ಇಷ್ಟು ತಲೆಮಾರು ಅಲ್ಲೇ ಇದ್ದರೂ ಯಾರಿಗೂ ಹೇಳಿರಲಿಲ್ಲ.

ಕಂಪನಿಯ ಏಜೆಂಟ, ಕೊಣ್ಣೂರಿನ ಗಜಾನನ, ಸುಮನ್ ಮೇಡಂ ಎಂಬ ಅಧಿಕಾರಿಯನ್ನು ಓಣಿಗೆಲ್ಲ ಹಿರಿಯಳಾದ ಸತ್ತೆವ್ವನ ಹತ್ತಿರ ಕರೆತಂದ. ಜೊತೆಗೆ ಹುಕ್ಕೇರಿಯ ನಾಟಕದ ಸಾಮಾನಿನ ಅಂಗಡಿಯಿಂದ ಬಾಡಿಗೆಗೆ ಒಂದು ಬಿಲ್ಲು ತಂದ.

"ಆಯಿ, ಇದನ್ನ ಹಿಡಕೊಂಡ ನಿಂದರ. ಫೋಟೋಕ್ಕ."

"ಇದರ್ಲೆ ಏನ ಹೊಡೀಲಿ? ನಿನ್ನ?"

"ಹೊಡಿಯೂದಲ್ಲ, ಬರೇ ಹಿಡಿಯೂದು. ನೀವು ಬ್ಯಾಟಿ ಆಡೂ ಮಂದಿ ಅಲ್ಲೇನ?"

"ನಮ್ಮಜ್ಜ ಆಡ್ತಿದ್ದ. ನಿಮ್ಮಜ್ಜ ಎತ್ತಿನ ಮ್ಯಾಲ ಮೆಣಸಿನಕಾಯಿ ಹೇರಕೊಂಡ ಊರೂರು ತಿರಗತಿದ್ದ. ನೀ ಯಾಕ ಎತ್ತ ಬಿಟ್ಟ ಕಾರಿನ್ಯಾಗ ಬಂದಿ?"

ಸುಮನ್ ಮೇಡಂ ನಗಲಿಲ್ಲ, ಪುಸ್ತಕ ತೆರೆದರು. "ಅಮ್ಮಾ, ನಿಮ್ಮಲ್ಲಿ ಒಪ್ಪಿಗೆ ಕೊಡುವ ಪದ್ಧತಿ ಹೇಗೆ?"

"ಎಲಿ-ಅಡಿಕಿ ತಗೋತೇವ್ರಿ. ತಗೊಂಡ ಮ್ಯಾಲ..."

ಅಷ್ಟರಲ್ಲಿ ಗಜಾನನ ಎಲೆ ತರಲು ಕಾರು ಚಾಲೂ ಮಾಡಿದ್ದ, ಮೇಡಂ ಪುಸ್ತಕ ಮುಚ್ಚಿದ್ದರು. ಆ ಜನರ ಪದ್ಧತಿಗೆ ಇನ್ನೊಂದು ಅರ್ಧವಿತ್ತು. ಎಲೆಯನ್ನು ಕೊಟ್ಟವರ ಮುಂದೆಯೇ ಕುಳಿತು ಜಗಿದರೆ ಮಾತು ಮುಗಿಯಿತು. ಸೆರಗಿಗೆ ಗಂಟು ಹಾಕಿಕೊಂಡರೆ ಇನ್ನೂ ವಿಚಾರ ನಡೆದಿದೆ ಎಂದರ್ಥ, ಜಗಿಯುವವರೆಗೆ ಕೇಳಿದ ವಸ್ತುವನ್ನು ಯಾರೂ ಮುಟ್ಟುವ ಹಾಗಿಲ್ಲ. ಕೇಳದವರನ್ನು ಕೂರಿಸಿಕೊಂಡು ಹೇಳುವ ಚಟ ಸತ್ತೆವ್ವನಿಗಿರಲಿಲ್ಲ.

ಮರುದಿನ ಪೆಂಡಾಲು, ಬ್ಯಾನರು, ಬೆಳ್ಳಿ ತಟ್ಟೆ. ಮೇಡಂ ಎರಡೂ ಕೈಯಿಂದ ಎಲೆ-ಅಡಿಕೆ ಕೊಟ್ಟರು. ಸತ್ತೆವ್ವ ಕಣ್ಣಿಗೊತ್ತಿಕೊಂಡು ಸೆರಗಿಗೆ ಗಂಟು ಹಾಕಿದಳು. ಕಂಪನಿಯವರು ಚಪ್ಪಾಳೆ ತಟ್ಟಿದರು. ಹಿಂದೆ ಕುಳಿತ ಓಣಿಯ ಹೆಂಗಸರು ನಗು ತಡೆಯಲು ಸೆರಗು ಕಚ್ಚಿದರು. "ತಿನ್ನಲಿಲ್ಲವಲ್ಲ?" ಎಂದರು ಮೇಡಂ. ಗಜಾನನ ಸಂಪ್ರದಾಯದ ಪಂಡಿತ: "ಹಲ್ಲಿಲ್ರಿ ಮೇಡಂ, ಮನ್ಯಾಗ ಕುಟ್ಟಿಕೊಂಡ ತಿಂತಾಳ." ಮೂಲನಿವಾಸಿಗಳು ಆನಂದದಿಂದ ಒಪ್ಪಿದರೆಂದು ವರದಿ ಹೋಯಿತು.

ಎಂಟನೆಯ ದಿನ ಜೆಸಿಬಿ ಗುಡ್ಡ ಹತ್ತಿತು. ದೊಣೆಯ ದಂಡೆಯ ಮೇಲೆ ಸತ್ತೆವ್ವ ಕಾಲು ಚಾಚಿ ಕುಳಿತಿದ್ದಳು.

"ಏಳ ಆಯಿ! ಎಲಿ ತಗೊಂಡ ಮ್ಯಾಲ ಹಿಂಗ ಕುಂತ್ರ ಹ್ಯಾಂಗ?" ಎಂದ ಗಜಾನನ.

"ತಗೊಂಡೇನಿ. ತಿಂದೇನೇನ?" ಗಂಟು ಬಿಚ್ಚಿ ತೋರಿಸಿದಳು. ಒಣಗಿದ ಎಲೆ, ಅಡಿಕೆ, ಹಾಗೇ ಇದ್ದವು.

ಜೆಸಿಬಿಯ ಡ್ರೈವರ್ ಉದ್ದಪ್ಪ, ಮೂಡಲಗಿ ಕಡೆಯವನು, ಅವನೂ ಅದೇ ಜನ. ಎಲೆ ನೋಡಿದವನೇ ಎಂಜಿನ್ ಆರಿಸಿ ಕೆಳಗಿಳಿದ.

"ನನ್ನ ಕೈಲೆ ಆಗೂದಿಲ್ರಿ ಸಾಹೇಬ್ರ. ಎಲಿ ಇನ್ನೂ ಗಂಟಿನ್ಯಾಗ ಐತಿ."

"ಕಂಪನಿ ಪಗಾರ ತಿಂತೀಯಲ್ಲೋ!"

"ಪಗಾರ ನಾ ತಿಂದೇನ್ರಿ, ಎಲಿ ಆಕಿ ತಿನ್ನಬೇಕಲ್ಲ? ನನ್ನ ಮಗಳ ಲಗ್ನದ ಎಲಿ ಮೂರ ತಿಂಗಳ ಬೀಗತಿ ಸೆರಗಿನ್ಯಾಗ ಇತ್ತು. ನಾ ಏನ ಹೋಗಿ ವರನ್ನ ಜೆಸಿಬಿ ಬಕೆಟಿನ್ಯಾಗ ಎತ್ತಕೊಂಡ ಬಂದ್ನೇನ್ರಿ?"

ಗಜಾನನ ಮೇಡಂಗೆ ಫೋನು ಹಚ್ಚಿದ. ಆ ಕಡೆ ಮೇಡಂ ತಮ್ಮದೇ ವರದಿ ತೆಗೆದು ನೋಡಿದರು. ಸಂಪ್ರದಾಯವನ್ನು ಪೂರ್ತಿ ತಿಳಿದುಕೊಂಡಿದ್ದೇವೆ ಎಂದು ಬರೆದು ಸಹಿ ಮಾಡಿದವರು ಅವರೇ. ಪರದೇಶದವರು ಹತ್ತು ದಿನದಲ್ಲಿ ತಪಾಸಣೆಗೆ ಬರುವವರಿದ್ದರು. ತಿಳಿಯಲಿಲ್ಲ ಎಂದು ಬರೆಯುವುದಕ್ಕಿಂತ ಗೆರೆ ಸರಿಸುವುದು ಸಸ್ತಾ ಅನ್ನಿಸಿತು. ಕ್ರೇನಿನ ಜಾಗ ನಲವತ್ತು ಹೆಜ್ಜೆ ಮೂಡಣಕ್ಕೆ ಸರಿಯಿತು. ದೊಣೆ ಉಳಿಯಿತು.

ಉಳಿದದ್ದಕ್ಕೆ ಒಂದು ಬೋರ್ಡೂ ಬಂತು. ಸತ್ತೆವ್ವನಿಗೆ ಓದು ಬಾರದು, ಉದ್ದಪ್ಪನೇ ಓದಿ ಹೇಳಿದ: "ಮೂಲನಿವಾಸಿಗಳ ಜಾನುವಾರುಗಳಿಗಾಗಿ ಕಂಪನಿ ನಿರ್ಮಿಸಿದ ನೀರಿನ ಹೊಂಡ."

ಅವಳು ಸಿಟ್ಟಾಗಲಿಲ್ಲ. ದೊಣೆಯೊಳಗೆ ಇಣುಕಿ, ಪ್ರತಿ ವರ್ಷ ಮೃಗಶಿರ ಮಳೆಗೆ, ಅವರ ಬಾಯಲ್ಲಿ ಮಿರಗಕ್ಕೆ, ಮೊದಲು ತಾನೊಬ್ಬಳೇ ಬುಟ್ಟಿ ಬುಟ್ಟಿ ಹೊರುತ್ತಿದ್ದ ಹೂಳನ್ನು ನೋಡಿದಳು.

"ಕಟ್ಟಿದವರು ಅವರ ಅಂದ್ರ, ಹೂಳ ತಗಿಯೂದೂ ಅವರ ಪಾಲಿಗೆ ಬಂತಲ್ಲೋ ಉದ್ದಪ್ಪಾ. ಗಜಾಗ ಫೋನ ಹಚ್ಚ."

ಬೋರ್ಡಿನಲ್ಲಿ ಬರೆದದ್ದನ್ನು ಕಂಪನಿ ಅಲ್ಲಗಳೆಯುವುದು ಹೇಗೆ? ಮಿರಗಕ್ಕೆ ಎಂಟು ದಿನ ಇದ್ದಾಗ ಗಜಾನನ ಇಬ್ಬರು ಆಳು, ಸಲಿಕೆ, ಬುಟ್ಟಿ ಸಮೇತ ಗುಡ್ಡ ಹತ್ತಿ ಬಂದ. ಸತ್ತೆವ್ವ ಬೋರ್ಡಿನ ನೆರಳಿನಲ್ಲಿ ಕುಳಿತು, ಆ ಮೂಲೆಯಲ್ಲಿ ಇನ್ನೂ ಎರಡು ಬುಟ್ಟಿ ಉಳಿದಿದೆ ಎಂದು ಕೋಲಿನಿಂದ ತೋರಿಸಿದಳು.